ಎಣ್ಣೆ ಹಾಕಿದವರು ಯಾರು?

ಹೊಗೆಯಿದ್ದಲ್ಲಿ ಬೆಂಕಿ ಇರುತ್ತದೆ ಎನ್ನುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ದೂರದ ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ. ಆದರೆ ಇದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನುವಂತಿಲ್ಲ. ಕಾದು ಕೆಂಪಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು ಎಂದು ನೈಯಾಯಿಕರು ಬಿಡಿಸಿ ಹೇಳುತ್ತಾರೆ. ಸೌದೆ ಒಲೆಯ ಮುಂದೆ ಕಣ್ಣೊರೆಸಿಕೊಂಡು ಬೆಳೆದ ನಮಗೆ ಇದನ್ನು ತಿಳಿಯಲು ಶಾಸ್ತ್ರ ಬೇಕಿರಲಿಲ್ಲ. ಅಡಿಗೆಮನೆಯಲ್ಲಿ ಹೊಗೆ ಎದ್ದರೆ ನಮ್ಮಜ್ಜಿ ಒಲೆಯನ್ನು ಬೈಯುತ್ತಿರಲಿಲ್ಲ, "ಹಸಿ ಸೌದೆ ತುರುಕಿದವರು ಯಾರೇ?" ಎಂದು ಕೇಳುತ್ತಿದ್ದರು. ಅಂಥದೇ ಪ್ರಶ್ನೆಯನ್ನು ಒಮ್ಮೆ ಒಬ್ಬ ಹುಡುಗ ನನ್ನೆದುರಿಗೇ ಕೇಳಿದ. ಉತ್ತರ ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಇದು 1994ರ ಮಾತು. ಆಗ ನಾವು ಹಾಸನದಲ್ಲಿದ್ದೆವು. ನಮ್ಮವರು ಬೇಲೂರು ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ದಿನಕ್ಕೆ ಹೋಗಿಬರುವ 24 ಕಿಲೋಮೀಟರಿಗೆ ಅವರ ಹಳೆಯ ಯೆಜ್ಡಿಯೇ ಆಧಾರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಗಾಡಿಗಳ ಸದ್ದು ಕೇಳಿಯೇ ಇಂಥವರ ಮನೆಯವರು ಬಂದರು ಎಂದು ಬೀದಿಯವರು ಹೇಳುತ್ತಿದ್ದ ಕಾಲ. ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಆ ಸದ್ದು ಮಾತ್ರ ಇವತ್ತಿಗೂ ಎಲ್ಲಾದರೊಮ್ಮೆ ಕಿವಿಗೆ ಬೀಳುತ್ತದೆ.

ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಅದರ ಪಿಸ್ಟನ್ನಿಗೆ ಬೇರೆಯಾಗಿ ಎಣ್ಣೆ ಹಾಕುವ ಏರ್ಪಾಡಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ. ನಮ್ಮಲ್ಲಿ ಲೀಟರಿಗೆ 40 ಎಂ.ಎಲ್. ಲೆಕ್ಕ. ಕ್ಯಾನಿನಲ್ಲಿ ಪೆಟ್ರೋಲು ತಂದಾಗ ಬೆರೆಸುವ ಕೆಲಸ ನನ್ನದು. ಮಗುವಿನ ಗ್ರೈಪ್‌ವಾಟರ್ ಬಾಟಲಿಯ ಮೇಲೆ ಎರಡು ಲೀಟರಿನ ಅಳತೆಗೆ ಒಂದು ಗೆರೆ ಹಾಕಿಕೊಂಡಿದ್ದೆ. ಉಪ್ಪು ಹಾಕುವಷ್ಟೇ ಎಚ್ಚರದಿಂದ ಎಣ್ಣೆ ಅಳೆಯುತ್ತಿದ್ದೆ.

ಒಂದು ದಿನ ದಾರಿಯ ನಡುವೆ ಗಾಡಿ ಕಚ್ಚಿಕೊಂಡು ನಿಂತುಬಿಟ್ಟಿತು. ಯಾರದೋ ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಬಂದ ಇವರು ಅಂಗಳದಲ್ಲೇ ಕೇಳಿದರು: "ಎಣ್ಣೆ ಸರಿಯಾಗಿ ಹಾಕಿದ್ಯಾ?" ಕೇಳಿದ್ದು ಅಷ್ಟೇ. ಆದರೆ ಆ ಮಾತಿನಲ್ಲಿ ಪ್ರಶ್ನೆಗಿಂತ ತೀರ್ಪೇ ಹೆಚ್ಚಾಗಿತ್ತು. ಆ ರಾತ್ರಿ ನಾನು ಗ್ರೈಪ್‌ವಾಟರ್ ಬಾಟಲಿಯ ಗೆರೆಯನ್ನು ದೀಪಕ್ಕೆ ಹಿಡಿದು ಎಷ್ಟು ಸಲ ನೋಡಿದೆನೋ.

ಇಂಜಿನ್ ಇಳಿಸಬೇಕಾಯಿತು. ಗ್ಯಾರೇಜಿನಲ್ಲಿ ಆ ಕೆಲಸ ಮಾಡಿದವನು ಹದಿನೆಂಟು ಹತ್ತೊಂಬತ್ತರ ಹುಡುಗ. ಸಿಲಿಂಡರನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗು ಹಾಕಿದ. ಗಾಡಿ ತಂದುಕೊಟ್ಟ ಭಾನುವಾರ ಒಂದು ಸವೆದ ರಬ್ಬರ್ ಬಳೆಯಂಥದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ. "ಇದು ಮ್ಯಾಗ್ನೆಟ್ ಕಡೆ ಆಯಿಲ್ ಸೀಲ್ ಅಕ್ಕಾ. ಇದು ಹೋಗಿ ಒಳಕ್ಕೆ ಗಾಳಿ ಎಳ್ಕೊಂಡಿದೆ. ಗಾಳಿ ಜಾಸ್ತಿಯಾಗಿ, ಪೆಟ್ರೋಲು ಕಮ್ಮಿಯಾಗಿ ಕಾದಿದೆ. ಎಣ್ಣೆದೇನೂ ತಪ್ಪಿಲ್ಲ." ಇವರು ಆಗ ಮನೆಯಲ್ಲಿರಲಿಲ್ಲ. ನನ್ನ ತಲೆಯ ಮೇಲಿದ್ದ ಅಪವಾದವನ್ನು ಕೇಳದೆಯೇ ಇಳಿಸಿಕೊಟ್ಟ ಹುಡುಗ ಅವನು. ಹೋಗುವಾಗ ಇನ್ನೊಂದು ಮಾತು ಹೇಳಿದ: "ಟ್ಯಾಂಕಲ್ಲಿ ಐದು ಲೀಟರ್ ಇದೆ. ಹೊಸ ರಿಂಗು ಅಂತ ಎಣ್ಣೆ ಸ್ವಲ್ಪ ಮುಂದಾಗೇ ಬೆರೆಸಿದೀನಿ. ನೀವೇನೂ ಹಾಕ್ಬೇಡಿ."

ಕಿವಿಗೆ ಬಿತ್ತು. ಆದರೂ ಆ ಸಂಜೆ ನಾನು ಟ್ಯಾಂಕಿನ ಮುಚ್ಚಳ ತೆಗೆದೆ. ಅವನು ಮರೆತಿದ್ದರೆ? ಮತ್ತೆ ಕಚ್ಚಿಕೊಂಡರೆ? ಮತ್ತೆ ಅಂಗಳದಲ್ಲಿ ಆ ಪ್ರಶ್ನೆ ಬಂದರೆ? ಐದು ಲೀಟರಿಗೆ ಎರಡೂವರೆ ಅಳತೆ ಎಣ್ಣೆ ಸುರಿದು, ಗಾಡಿಯನ್ನು ಅಲುಗಾಡಿಸಿ, ಒಳಗೆ ಬಂದು ಕೈ ತೊಳೆದುಕೊಂಡೆ.

ಸೋಮವಾರ ಕಿಕ್ಕು ಹೊಡೆದ ಕೂಡಲೇ ಎರಡೂ ಸೈಲೆನ್ಸರಿನಿಂದ ಬಿಳಿ ನೀಲಿ ಹೊಗೆ. ಎದುರುಮನೆಯವರು ಹಗ್ಗದ ಮೇಲಿನ ಬಟ್ಟೆ ಎತ್ತಿಕೊಂಡು ಓಡಿದರು. ಹೊಸದಾಗಿ ಜೋಡಿಸಿದ ಇಂಜಿನ್ನಿನಲ್ಲಿ ಮೊದಲು ಹೊಗೆ ಬರುವುದುಂಟು. ಜೋಡಿಸುವಾಗ ಸವರಿದ ಎಣ್ಣೆ, ಸೈಲೆನ್ಸರಿನೊಳಗೆ ವರ್ಷಗಳಿಂದ ಅಂಟಿದ ಜಿಡ್ಡು ಸುಟ್ಟುಹೋಗಬೇಕು. ಅದು ದಿನದಿನಕ್ಕೆ ಕಡಿಮೆಯಾಗುತ್ತ ಬರಬೇಕು. ಇದು ಕಡಿಮೆಯಾಗಲಿಲ್ಲ. ಬುಧವಾರ ಇವರು ಗ್ಯಾರೇಜಿಗೆ ಹೊರಟರು. ಅಲ್ಲಿಂದ ಆಸ್ಪತ್ರೆಗೆ ಹೋಗುವುದಿತ್ತೆಂದು ಮಗುವನ್ನೆತ್ತಿಕೊಂಡು ನಾನೂ ಹೋದೆ.

ಇವರಿಗೆ ಯಾರೋ ಹೇಳಿದ್ದರು: ಕ್ಲಚ್ಚಿನ ಕಡೆಯ ಸೀಲನ್ನು ಮಡಿಸಿ ಕೂರಿಸಿದ್ದರೆ ಗೇರ್ ಬಾಕ್ಸಿನ ಎಣ್ಣೆ ಇಂಜಿನ್ನಿಗೆ ಎಳೆದುಕೊಂಡು ಹೊಗೆಯಾಗುತ್ತದೆ ಎಂದು. ಮಾತು ನಿಜವೇ. ಹುಡುಗ ಜಗಳವಾಡಲಿಲ್ಲ. ಗೇರ್ ಬಾಕ್ಸಿನ ಅಳತೆ ತೆಗೆದು ತೋರಿಸಿದ. "ಸೀಲ್ ಹೋಗಿದ್ರೆ ಇಲ್ಲಿ ಎಣ್ಣೆ ಇಳೀಬೇಕಿತ್ತು ಸಾರ್. ಹಾಕಿದಷ್ಟೇ ಇದೆ." ಆಮೇಲೆ ಪ್ಲಗ್ಗು ಬಿಚ್ಚಿದ. ಅದು ಎಣ್ಣೆಯಲ್ಲಿ ತೊಯ್ದು ಕಪ್ಪಾಗಿತ್ತು. ಅದನ್ನು ಬೆರಳಲ್ಲಿ ಒರೆಸಿ ನೋಡಿ, ತಲೆಯೆತ್ತಿ ಕೇಳಿದ: "ಪೆಟ್ರೋಲಿಗೆ ಎಣ್ಣೆ ಯಾರಾದ್ರೂ ಹಾಕಿದ್ರಾ?"

"ಯಾರೂ ಹಾಕಿಲ್ಲ" ಎಂದರು ಇವರು. ಅವರು ಹೇಳಿದ್ದು ಸುಳ್ಳಲ್ಲ, ಅವರಿಗೆ ಗೊತ್ತಿದ್ದುದೇ ಅಷ್ಟು. ಹುಡುಗ ಒಂದು ಕ್ಷಣ ನನ್ನ ಕಡೆ ನೋಡಿದ. ನಾನು ಮಗುವಿನ ಟೋಪಿಯ ದಾರ ಸರಿಮಾಡಿದೆ.

ಆಮೇಲೆ ಮಾಲೀಕರು ಬಂದರು. ಗಿರಾಕಿಯ ಮುಂದೆ ಹುಡುಗನಿಗೆ ಬೈದರು, ಕಾರ್ಬೊರೇಟರಿನ ಸ್ಕ್ರೂ ಅತ್ತಿತ್ತ ತಿರುಗಿಸಿ, "ನಾಲ್ಕು ದಿನ ಓಡಿಸಿ ಮೇಷ್ಟ್ರೇ, ಸರಿಹೋಗುತ್ತೆ" ಎಂದರು. ಕೊಡಬೇಕಿದ್ದ ಬಾಕಿ ಮುನ್ನೂರು ರೂಪಾಯಿಯನ್ನು ಇವರು ಕೊಡಲಿಲ್ಲ. ವಾರ ಕಳೆದು ಆ ಪೆಟ್ರೋಲು ಮುಗಿಯಿತು, ಹೊಸದು ಬಿತ್ತು, ಹೊಗೆ ನಿಂತಿತು. "ನೋಡು, ಅನುಭವ ಅಂದರೆ ಇದು" ಎಂದು ಇವರು ಮಾಲೀಕರನ್ನು ಹೊಗಳಿದರು. ಇನ್ನು ನಿಜ ಯಾರಿಗೂ ಬೇಕಿರಲಿಲ್ಲ. ಗಾಡಿ ಚೆನ್ನಾಗಿ ಓಡುತ್ತಿತ್ತು.

ಮೌನವೂ ಸುಳ್ಳೇ? ನಾನಂತೂ ಏನನ್ನೂ ಹೇಳಿರಲಿಲ್ಲ. ಕೇಳಿದ್ದು ನನ್ನನ್ನಲ್ಲ, ಉತ್ತರ ಕೊಟ್ಟವಳು ನಾನಲ್ಲ. ಹೀಗೆಲ್ಲ ವಾದ ಹೂಡಿಕೊಂಡು ಹತ್ತು ದಿನ ಕಳೆದೆ. ಆದರೆ ಒಂದು ಕಥೆ ಮನಸ್ಸಿನಿಂದ ಹೋಗಲಿಲ್ಲ. ದ್ರೌಪದಿ ತುಂಬಿದ ಸಭೆಯಲ್ಲಿ ಒಂದು ಪ್ರಶ್ನೆ ಕೇಳುತ್ತಾಳೆ. ಬಲ್ಲ ಹಿರಿಯರು ನೆಟ್ಟಗೆ ಉತ್ತರ ಕೊಡುವುದಿಲ್ಲ. ಆ ಕಥೆ ಕೇಳುವಾಗ ಹೆಂಗಸರಾದ ನಾವು ಯಾವಾಗಲೂ ದ್ರೌಪದಿಯ ಪಕ್ಕದಲ್ಲೇ ನಿಂತಿರುತ್ತೇವೆ, ಅದು ನಮ್ಮ ಹುಟ್ಟಿನ ಜಾಗ ಎನ್ನುವ ಹಾಗೆ. ಆ ಬುಧವಾರ ನಾನು ಕೂತಿದ್ದು ಮಾತ್ರ ಭೀಷ್ಮರ ಸಾಲಿನಲ್ಲಿ.

ಇನ್ನೂ ಚುಚ್ಚಿದ ಸಂಗತಿಯೊಂದಿದೆ. ಮಾಡದ ತಪ್ಪಿಗೆ ಮಾತು ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ಆ ಅಂಗಳದಲ್ಲಿ ಅದೇ ತಾನೇ ಅನುಭವಿಸಿದ್ದೆ. ನೋವುಂಡವರಿಗೆ ಇನ್ನೊಬ್ಬರ ನೋವು ಬೇಗ ತಿಳಿಯುತ್ತದೆ ಎನ್ನುತ್ತಾರೆ. ತಿಳಿಯುತ್ತದೆ, ನಿಜ. ಆದರೆ ತಿಳಿದ ಮಾತ್ರಕ್ಕೆ ಬಾಯಿ ಬಿಡುವುದಿಲ್ಲ. ಬೈಗುಳಕ್ಕೆ ಅಂಜಿ ಅಂಜಿ ಬಾಳಿದವರು ಮೊದಲು ಕಲಿಯುವುದು ಅದು ತಮ್ಮ ಕಡೆ ಬಾರದಂತೆ ಸರಿದು ನಿಲ್ಲುವುದನ್ನು. ನಾನು ಸರಿದು ನಿಂತ ಜಾಗದ ಹಿಂದೆ ಆ ಹುಡುಗನಿದ್ದ.

ಹನ್ನೊಂದನೆಯ ದಿನ ಮನೆಖರ್ಚಿನಲ್ಲಿ ಉಳಿಸಿದ್ದ ಹಣ ತೆಗೆದುಕೊಂಡು ಗ್ಯಾರೇಜಿಗೆ ಹೋಗಿ ನಡೆದದ್ದನ್ನು ಹೇಳಿದೆ. ಮಾಲೀಕರು ನಕ್ಕರು. "ಅಯ್ಯೋ, ಅದಕ್ಯಾಕಮ್ಮ ಇಷ್ಟು ದೂರ ಬಂದ್ರಿ?" ಹುಡುಗ ಇರಲಿಲ್ಲ. ಬಾಕಿ ಮುನ್ನೂರನ್ನು ಅವನ ಸಂಬಳದಲ್ಲಿ ಹಿಡಿದುಕೊಂಡಿದ್ದರಂತೆ. ಅವನು ಸಿಟ್ಟು ಮಾಡಿಕೊಂಡು ಕೆಲಸ ಬಿಟ್ಟು ಬೆಂಗಳೂರಿಗೆ ಹೋದನಂತೆ. ಅವನಿಗೆ ತಲುಪಿಸಿ ಎಂದು ಹಣವನ್ನು ಅವರ ಕೈಗೇ ಕೊಟ್ಟು ಬಂದೆ. ತಲುಪಿತೋ ಇಲ್ಲವೋ. ಅದನ್ನು ವಿಚಾರಿಸಲು ನಾನು ಮತ್ತೆ ಹೋಗಲಿಲ್ಲ. ಆ ಲೆಕ್ಕವೂ ನನ್ನ ಮೇಲೇ ಇದೆ.

ಆ ರಾತ್ರಿ ಇವರಿಗೂ ಹೇಳಿದೆ. ಸೀಲು ಹೋಗಿದ್ದನ್ನು, ಎಣ್ಣೆ ಸುರಿದಿದ್ದನ್ನು, ಎಲ್ಲವನ್ನೂ. ಕೈಕಾಲು ನಡುಗುತ್ತಿತ್ತು. ಇವರು ಅನ್ನ ಕಲಸುತ್ತಿದ್ದವರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ನಕ್ಕು, "ಆಗಲೇ ಹೇಳಬಾರದಿತ್ತೇನೇ? ಹೋಗಲಿ ಬಿಡು" ಎಂದರು. ಅಷ್ಟೇ. ಯಾವುದಕ್ಕೆ ಅಷ್ಟು ಅಂಜಿದ್ದೆನೋ ಅದು ಬರಲೇ ಇಲ್ಲ. ಬೈದಿದ್ದರೆ ನನ್ನ ಅಂಜಿಕೆಗಾದರೂ ಒಂದು ಅರ್ಥವಿರುತ್ತಿತ್ತು. ನಮ್ಮ ಮನೆಯಲ್ಲಿ ಒಂದು ನಗೆಗೆ ಮುಗಿದದ್ದು ಅವನ ಪಾಲಿಗೆ ಮುನ್ನೂರು ರೂಪಾಯಿ, ಒಂದು ಕೆಲಸ, ಒಂದು ಊರು.

ಈಗ ಮನೆಯಲ್ಲಿ ಏನಾದರೂ ಕೆಟ್ಟರೆ, ಹಾಲು ಒಡೆದರೆ, ಲೆಕ್ಕ ತಪ್ಪಿದರೆ, ಕೆಲಸದವಳ ಮುಖ ನೋಡುವ ಮೊದಲು ನನ್ನ ಕೈ ನೋಡಿಕೊಳ್ಳುತ್ತೇನೆ. ಇದನ್ನು ದೊಡ್ಡ ಗುಣವೆಂದು ಹೇಳುತ್ತಿಲ್ಲ. ತಡವಾಗಿ ಬಂದ ಅಭ್ಯಾಸ. ಗೆರೆ ಹಾಕಿದ ಆ ಬಾಟಲಿಯನ್ನು ಯೆಜ್ಡಿ ಮಾರಿದ ಮೇಲೂ ನಾನು ಎಸೆಯಲಿಲ್ಲ. ಗೆರೆ ಸರಿಯಾಗಿಯೇ ಇತ್ತು.