ಸಿಪಾಯಿಯ ಎರಡನೇ ನೌಕರಿ

ರಿಟೈರ್ ಆದ ಮೇಲೆ ಪುಣೆಯಲ್ಲೇ ಯಾಕೆ ಉಳಿದಿರಿ, ಅಲ್ಲಿ ಏನು ಮಾಡ್ತೀರಿ ಅಂತ ಧಾರವಾಡಕ್ಕೆ ಹೋದಾಗಲೆಲ್ಲ ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಮಕ್ಕಳು ಇಲ್ಲಿ, ಮೊಮ್ಮಕ್ಕಳು ಇಲ್ಲಿ, ಮಂಡಿನೋವಿನ ಡಾಕ್ಟರೂ ಇಲ್ಲಿ. ಎರಡನೆಯದಕ್ಕೆ, ಮಿಲಿಟರಿಯಿಂದ ಬಿಡುಗಡೆಯಾಗಿ ಬಂದವರಿಗೆ ನೌಕರಿ ಹುಡುಕಿ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕಪತ್ರ, ಸಂದರ್ಶನ ಎರಡೂ ನೋಡಿಕೊಳ್ಳುತ್ತೇನೆ ಎಂದರೆ, 'ಭಾಳ ಪುಣ್ಯದ ಕೆಲಸ ಬಿಡ್ರಿ' ಎನ್ನುತ್ತಾರೆ. ಆ ಪುಣ್ಯ ಎಂಬ ಮಾತಿನ ಮೇಲೇ ನನಗೆ ಸ್ವಲ್ಪ ತಕರಾರಿದೆ. ನಮ್ಮದು ವ್ಯಾಪಾರ. ನೌಕರಿ ಕೇಳಿ ಬಂದವನಿಂದ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ, ನಿಜ. ಆದರೆ ಅವನನ್ನು ತೆಗೆದುಕೊಂಡ ಕಂಪನಿಯಿಂದ ಅವನ ಒಂದು ತಿಂಗಳ ಪಗಾರದಷ್ಟು ಹಣ ಪಡೆಯುತ್ತೇವೆ. ಆಫೀಸಿನ ಬಾಡಿಗೆ, ಕರೆಂಟು, ನನ್ನ ಸಂಬಳ ಎಲ್ಲ ಅದರಲ್ಲೇ. ದೇಶ ಕಾದವನ ಹೆಸರಿನಲ್ಲಿ ನಡೆಯುವ ಈ ವ್ಯಾಪಾರದಲ್ಲಿ ಯಾವುದು ನ್ಯಾಯ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಬ್ಯಾಂಕಿನವನಾದ್ದರಿಂದ ಮೊದಲು ಒಂದಿಷ್ಟು ಲೆಕ್ಕ. ನಮ್ಮ ಸೇನೆಯಿಂದ ಪ್ರತಿವರ್ಷ ಸುಮಾರು 60 ಸಾವಿರ ಜನ ಹೊರಗೆ ಬರುತ್ತಾರೆ. ಸೇನೆಗೆ ಹರೆಯದವರೇ ಬೇಕು. ಹಾಗಾಗಿ ಹದಿನೆಂಟು ಹತ್ತೊಂಬತ್ತಕ್ಕೆ ಸೇರಿದ ಸಿಪಾಯಿ ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿ ಟ್ರಂಕು ಹೊತ್ತು ಮನೆಗೆ ಬಂದಿರುತ್ತಾನೆ. ಬ್ಯಾಂಕಿನಲ್ಲಿ ಆ ವಯಸ್ಸಿಗೆ ನಮಗೆ ಎರಡನೇ ಪ್ರಮೋಷನ್ನಿನ ಚಿಂತೆ. ಅವನಿಗೆ ಪಿಂಚಣಿ ಇದೆ, ಕ್ಯಾಂಟೀನ್ ಇದೆ, ಆಸ್ಪತ್ರೆಯ ಸೌಲಭ್ಯ ಇದೆ. ಆದರೆ ಮಗಳು ಎಂಟನೇ ಇಯತ್ತೆ, ಮಗ ಐದನೇದು, ಮನೆಯಲ್ಲಿ ವಯಸ್ಸಾದ ತಂದೆತಾಯಿ. ಮುಂದೆ ಕನಿಷ್ಠ ಇಪ್ಪತ್ತು ವರ್ಷ ದುಡಿಯಲೇಬೇಕು.

ನಮಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. 'ಎಕ್ಸ್ ಆರ್ಮಿಯವರೇ ಬೇಕು ಸರ್, ಡಿಸಿಪ್ಲಿನ್ ಇರುತ್ತೆ.' ಯಾವ ಕೆಲಸಕ್ಕೆ ಎಂದರೆ ಗೇಟಿಗೆ. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ ಬಗ್ಗೆ 2005ರಲ್ಲಿ ಬಂದ ಕಾಯ್ದೆಯಲ್ಲೂ ಗಾರ್ಡುಗಳನ್ನು ತೆಗೆದುಕೊಳ್ಳುವಾಗ ಮಾಜಿ ಸೈನಿಕರಿಗೆ ಆದ್ಯತೆ ಕೊಡಬಹುದೆಂಬ ಮಾತಿದೆ. ಗೇಟು ಕಾಯುವುದು ಹೀನ ಎಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ನನ್ನ ಬ್ರಾಂಚಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು ಮಾಜಿ ಸೈನಿಕರೇ. ಅವರ ಭರವಸೆಯ ಮೇಲೆಯೇ ನಾವು ಕ್ಯಾಶ್ ಎಣಿಸಿದ್ದು. ನನ್ನ ಅನುಮಾನ ಆ 'ಡಿಸಿಪ್ಲಿನ್' ಎಂಬ ಶಬ್ದದ ಬಗ್ಗೆ. ಸ್ವಲ್ಪ ಮಾತಾಡಿಸಿದರೆ ಅದರ ಅರ್ಥ ಹೊರಗೆ ಬರುತ್ತದೆ: ಹನ್ನೆರಡು ತಾಸು ನಿಲ್ಲಬೇಕು, ಎದುರು ಮಾತಾಡಬಾರದು, ರಜೆ ಕೇಳಬಾರದು.

ಬೆಳಗಾವಿ ಜಿಲ್ಲೆಯ ಹವಾಲ್ದಾರರೊಬ್ಬರ ವಿಷಯ ಹೇಳುತ್ತೇನೆ. ಮಗಳ ಫೀ ತುಂಬುವ ಅವಸರವಿತ್ತು, ಸಿಕ್ಕ ಮೊದಲ ಕೆಲಸ ಒಪ್ಪಿಕೊಂಡರು. ಒಂದು ಕಾರ್ಖಾನೆಯ ಗೇಟು. ಪಾಸ್ ಇಲ್ಲದ ಗಾಡಿ ಒಳಗೆ ಬಿಡಬೇಡ ಎಂದು ಮೊದಲ ದಿನ ಹೇಳಿದ್ದರಂತೆ. ಹದಿನೈದನೆಯ ದಿನ ಮಾಲೀಕರ ಭಾವಮೈದುನನ ಕಾರು ಬಂತು. ಇವರು ನಿಲ್ಲಿಸಿ ಪಾಸ್ ಕೇಳಿದರು. ಸಂಜೆಯೊಳಗೆ ನಮಗೆ ಫೋನು: 'ಮನುಷ್ಯ ಪ್ರಾಮಾಣಿಕ, ಆದರೆ ವ್ಯವಹಾರಜ್ಞಾನ ಇಲ್ಲ. ಬೇರೆಯವರನ್ನು ಕಳಿಸಿ.' ಹವಾಲ್ದಾರರಿಗೆ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. 'ಗೇಟ್ ಕಾಯಿ ಅಂದ್ರ ಕಾಯ್ತೇನ್ರಿ ಸಾಹೇಬ್ರ. ಕಾರ್ ನೋಡಿ ಕಾಯಾಕ ನನಗ ಬರೂದಿಲ್ಲ' ಎಂದರು ಅಷ್ಟೆ.

ಶಿಸ್ತು ಅಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಪಹರೆಯ ಸಿಪಾಯಿ ಗುರುತು ಹೇಳದವನನ್ನು, ಅವನು ಎಷ್ಟೇ ದೊಡ್ಡವನಿರಲಿ, ತಡೆಯಲೇಬೇಕು. ಅವನು ಬಾಗುವುದು ನಿಯಮಕ್ಕೆ. ಕಂಪನಿಗಳಲ್ಲಿ ಬಹಳ ಮಂದಿ ಹಣ ಕೊಟ್ಟು ಕೊಳ್ಳಲು ಬರುವುದು ಬಾಗುವ ಬೆನ್ನನ್ನು. ಎರಡಕ್ಕೂ ನಾವು ಒಂದೇ ಹೆಸರಿಟ್ಟು ಮಾರಿದರೆ ಅದು ತಕ್ಕಡಿಯ ಕೆಳಗೆ ಮೇಣ ಅಂಟಿಸಿದ ಹಾಗೆ. ಆ ಪ್ರಸಂಗದ ನಂತರ ನಮ್ಮಲ್ಲಿ ಒಂದು ಪದ್ಧತಿ ಬಂದಿದೆ. ಗೇಟಿಗೆ ಜನ ಕೇಳಿದವರಿಗೆ, ಆ ನಿಯಮ ಯಾರಿಗೆ ಅನ್ವಯಿಸುತ್ತದೆ, ಯಾರಿಗೆ ಇಲ್ಲ ಎಂಬುದನ್ನು ಬರೆದು ಕೊಡಿ ಎನ್ನುತ್ತೇವೆ. ಕೆಲವರು ಮತ್ತೆ ಫೋನು ಮಾಡುವುದಿಲ್ಲ. ಆ ತಿಂಗಳ ಲೆಕ್ಕದಲ್ಲಿ ಅದು ನಷ್ಟ. ಇರಲಿ.

ಸಭೆ ಸಮಾರಂಭಗಳಲ್ಲಿ ಇನ್ನೊಂದು ಮಾತು ಕೇಳುತ್ತೇನೆ: ಸೈನಿಕರ ಋಣ ತೀರಿಸಲು ಸಾಧ್ಯವಿಲ್ಲ. ಋಣದ ವಿಷಯ ನನಗೆ ಸ್ವಲ್ಪ ಗೊತ್ತು. ಕಂತು ಬಾಕಿ ಉಳಿದು 90 ದಿನ ಮೀರಿದರೆ ಆ ಸಾಲವನ್ನು ನಾವು ಎನ್‌ಪಿಎ ಎಂದು ಬರೆಯುತ್ತೇವೆ. ಸಾಲಗಾರ ದಿನವೂ ಬ್ರಾಂಚಿಗೆ ಬಂದು 'ನಿಮ್ಮ ಉಪಕಾರ ಮರೆಯುವುದಿಲ್ಲ' ಎಂದು ಕೈಮುಗಿದರೂ ಲೆಕ್ಕ ಬದಲಾಗುವುದಿಲ್ಲ. ತೀರಿಸಲಾಗದ ಋಣ ಎಂದು ಭಾಷಣ ಮಾಡುವುದರಲ್ಲಿ ಒಂದು ಅನುಕೂಲವಿದೆ. ತೀರಿಸಲಾಗದು ಎಂದ ಮೇಲೆ ಕಂತು ಕಟ್ಟುವ ಪ್ರಶ್ನೆಯೇ ಇಲ್ಲವಲ್ಲ!

ಇದನ್ನು ಅದೇ ಹವಾಲ್ದಾರರ ಮುಂದೆ ಹೇಳಿದಾಗ ಅವರು ನನ್ನ ಲೆಕ್ಕವನ್ನೇ ತಿರಸ್ಕರಿಸಿದರು. 'ಪಗಾರ ತಗೊಂಡೇನಲ್ರಿ. ದೇಶದ ಮ್ಯಾಲ ನಂದೇನೂ ಬಾಕಿ ಇಲ್ಲ. ಆದ್ರ ನಿಂಗೇನ್ ಬರ್ತದಪ್ಪಾ ಅಂತ ಯಾರರೆ ಒಮ್ಮೆರೆ ಕೇಳಬೇಕಲ್ರಿ?' ಕೇಳಿದೆವು. ಅವರು ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಆಗಿದ್ದವರು. ನೂರಕ್ಕೂ ಹೆಚ್ಚು ಜನರ ರೇಷನ್, ಬಟ್ಟೆ, ಬೂಟು, ಡೇರೆಗಳ ಲೆಕ್ಕ ಅವರ ಕೈಲಿತ್ತು. ಹಿಮ ಬಿದ್ದು ರಸ್ತೆ ಮುಚ್ಚುವ ಮೊದಲೇ ಚಳಿಗಾಲದ ಸಾಮಾನು ಎಣಿಸಿ ಏರಿಸಿದವರು. ಇದನ್ನು ನಾಗರಿಕ ಭಾಷೆಗೆ ತಂದರೆ ಸ್ಟೋರ್ಸ್ ಮ್ಯಾನೇಜರ್. ಆದರೆ ಅವರು ತಂದ ಬಯೋಡಾಟಾದಲ್ಲಿ ಹುದ್ದೆ, ಪದಕ, ಕ್ರೀಡೆ ಇವಿಷ್ಟೇ ಇದ್ದವು. ಹಾಗೆ ನೋಡಿದರೆ ನಮ್ಮ ಸಂಸ್ಥೆಯದು ಮುಖ್ಯವಾಗಿ ಭಾಷಾಂತರದ ಕೆಲಸ. ಸೇನೆಯ ಭಾಷೆಯಲ್ಲಿರುವ ಬದುಕನ್ನು ಪೇಟೆಯ ಭಾಷೆಯಲ್ಲಿ ಬರೆಯುವುದು. ಪರಊರಿನಲ್ಲಿ ನಲವತ್ತು ವರ್ಷ ಕಳೆದ ನನ್ನಂಥವನಿಗೆ ಇದರ ಕಷ್ಟ ತಿಳಿಯುತ್ತದೆ. ಊರಲ್ಲಿ ಎಲ್ಲರಿಗೂ ಗೊತ್ತಿರುವ ನಾವು ಇಲ್ಲಿ ಮೊದಲಿಂದ ನಮ್ಮ ಪರಿಚಯ ಹೇಳಿಕೊಳ್ಳಬೇಕಲ್ಲ, ಹಾಗೆ. ಈಗ ಅವರು ಬೇರೊಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದಾರೆ.

ಎದುರು ವಾದವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸರಕಾರಿ ಬ್ಯಾಂಕುಗಳ ಗುಮಾಸ್ತ ದರ್ಜೆಯಲ್ಲಿ ಶೇಕಡ 14.5, ಅದಕ್ಕಿಂತ ಕೆಳಗಿನ ದರ್ಜೆಯಲ್ಲಿ ಶೇಕಡ 24.5 ಹುದ್ದೆ ಮಾಜಿ ಸೈನಿಕರಿಗೆ ಮೀಸಲು. ಅಂಗವಿಕಲರಾದ ಸೈನಿಕರ ಮತ್ತು ಹುತಾತ್ಮರ ಕುಟುಂಬದವರ ಪಾಲು ಇದರಲ್ಲೇ ಸೇರಿದೆ. ಮೆಟ್ರಿಕ್ ಆಗಿ 15 ವರ್ಷ ಸೇವೆ ಮಾಡಿದವರನ್ನು ಈ ಗುಮಾಸ್ತ ಹುದ್ದೆಗೆ ಪದವೀಧರರ ಸಮ ಎಂದು ಪರಿಗಣಿಸುತ್ತಾರೆ. ಹಾಗಾದರೆ ಪರೀಕ್ಷೆ ಮೇಲೆ ಪರೀಕ್ಷೆ ಬರೆಯುತ್ತಿರುವ ಹಳ್ಳಿಯ ಬಿಕಾಂ ಹುಡುಗನಿಗೆ ಇದು ಅನ್ಯಾಯವಲ್ಲವೇ ಎಂದು ನನ್ನ ಸೋದರಳಿಯನೇ ಕೇಳಿದ್ದಾನೆ. ನಾನು ಹೇಳಿದ್ದು ಇಷ್ಟು: ನೀನು ಕಾಲೇಜಿನಲ್ಲಿ ಕಳೆದ ವರ್ಷಗಳನ್ನು ಅವನು ಬೇರೆ ಕಡೆ ಕಳೆದ, ನಮ್ಮೆಲ್ಲರ ಪರವಾಗಿ ಕಳೆದ. ಓಟದ ಆರಂಭದ ಗೆರೆಯಲ್ಲಿ ಅವನು ಇರಲೇ ಇಲ್ಲ. ಅವನಿಗೆ ಗೆರೆಯ ಹತ್ತಿರ ಬರಲು ಅವಕಾಶ ಕೊಡುವುದು ನ್ಯಾಯ. ಆದರೆ ಬಂದ ಮೇಲೆ ಕೆಲಸ ಕಲಿಯದಿದ್ದರೆ ಅದಕ್ಕೆ ಸಮವಸ್ತ್ರ ಅಡ್ಡ ಬರಬಾರದು. ಸೈನ್ಯದಿಂದ ಬಂದವರೆಲ್ಲ ಸದ್ಗುಣಿಗಳೆಂದು ನಾವು ಶಿಫಾರಸು ಬರೆದರೆ ಅದೂ ಸುಳ್ಳೇ. ಅವರಲ್ಲೂ ಸೋಮಾರಿಗಳಿದ್ದಾರೆ, ಕುಡುಕರಿದ್ದಾರೆ. ಅವರನ್ನು ದೇವರೆಂದು ಕೈಮುಗಿಯುವವನೂ ವಾಚ್‌ಮನ್ ಎಂದು ಕರೆಯುವವನೂ ಮನುಷ್ಯನ ಮುಖ ನೋಡಿರುವುದಿಲ್ಲ.

ನಮ್ಮ ಆಫೀಸಿನಿಂದ ಸ್ವಲ್ಪ ದೂರದಲ್ಲಿ ಖಡಕಿಯಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಕಸಬು ಕಲಿಸಲೆಂದೇ 1917ರಲ್ಲಿ ಆರಂಭವಾದದ್ದು. ಕಾಲಿಲ್ಲದವನಿಗೂ 'ನಿನ್ನ ಕೈಗೆ ಏನು ಬರುತ್ತದೆ' ಎಂದು ಕೇಳಬೇಕು ಎಂಬ ತಿಳಿವಳಿಕೆ ನೂರು ವರ್ಷದ ಹಿಂದೆಯೇ ಇತ್ತು ಎಂದಾಯಿತು.

ಈ ಪ್ರಶ್ನೆ ಮುಂದೆ ಇನ್ನೂ ದೊಡ್ಡದಾಗಲಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಆಮೇಲೆ ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಜನ ಸೇನೆಯಲ್ಲಿ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಹಿಡಿದು, ಪಿಂಚಣಿ ಇಲ್ಲದೆ, ಇಪ್ಪತ್ತರ ಹರೆಯದಲ್ಲೇ ಊರಿಗೆ ಬರುತ್ತಾರೆ. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಬರುವ ಹುಡುಗರಂತೂ ನಮ್ಮ ಗೋಕಾಕ, ಗದಗ, ಮಡಿಕೇರಿಗಳಿಗೂ ಬರುತ್ತಾರೆ.

ಊರಿನ ಓದುಗರಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮಲ್ಲಿ ಅಂಗಡಿಯೋ, ಶಾಲೆಯೋ, ಸಹಕಾರಿ ಸಂಘವೋ ನಡೆಸುವವರಿರುತ್ತೀರಿ. ಹಾಗೆ ಬಂದವನಿಗೆ ಶಾಲು ಹೊದಿಸಬೇಕೆನಿಸಿದರೆ ಹೊದಿಸಿ, ತಪ್ಪೇನಿಲ್ಲ. ಆಮೇಲೆ ಕುರ್ಚಿ ಹಾಕಿ ಕೂಡಿಸಿ, ಚಹಾ ಕೊಟ್ಟು, ಅಲ್ಲಿ ಏನೇನು ಕೆಲಸ ಮಾಡ್ತಿದ್ದೆ ಎಂದು ಕೇಳಿ. ಅರ್ಧ ತಾಸಾದರೂ ಬೇಕಾಗುತ್ತದೆ. ಅಷ್ಟು ಹೊತ್ತು ಕೂತು ಕೇಳಿ.