ಸೀಟಿ ಹಿಡಿದವನ ಹೊಣೆ

ಚಿಂತಾಮಣಿ ಕಡೆಯ ಒಂದು ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಒಮ್ಮೆ ನನ್ನ ಕೈಗೆ ಸೀಟಿ ಬಂತು. ಬರಬೇಕಿದ್ದ ಅಂಪೈರ್ ಬಂದಿರಲಿಲ್ಲ. ಡಿಗ್ರಿ ಓದುತ್ತಿದ್ದ ನನಗೆ ಕಬಡ್ಡಿ ಆಡಿ ಗೊತ್ತಿತ್ತು, ಅಷ್ಟೇ ಅರ್ಹತೆ. ಅಂಕಣದ ಒಂದು ಮೂಲೆಯಲ್ಲಿ ನೆಲ ಗಟ್ಟಿಯಾಗಿತ್ತು, ಜಲ್ಲಿ ಎದ್ದಿತ್ತು. ಪಿ.ಟಿ. ಮೇಷ್ಟ್ರಿಗೆ ತೋರಿಸಿದೆ. "ಇನ್ನೂ ಆರು ಮ್ಯಾಚ್ ಐತೆ, ಆಡ್ಸಪ್ಪಾ" ಅಂದರು. ಆಡಿಸಿದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಅದೇ ಮೂಲೆಯಲ್ಲಿ ಬಿದ್ದು ಮೊಣಕೈ ಮುರಿದುಕೊಂಡ. ಸಂಜೆ ಬಂದ ಅವರಪ್ಪ ಬಯ್ಯಲೂ ಇಲ್ಲ. "ಆಟ ಅಂದ್ಮೇಲೆ ಆಗ್ತದೆ ಬಿಡಿ ಸಾರ್" ಅಂದರು. ಆ ಸಮಾಧಾನವನ್ನು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಆದರೆ ಕಬಡ್ಡಿಯ ನಿಯಮಗಳೇ ಅಂಕಣ ಸಮತಟ್ಟಾಗಿ, ಮೆದುವಾಗಿ ಇರಬೇಕು ಎನ್ನುತ್ತವೆ. ಅಂದಮೇಲೆ ಅಲ್ಲಿ ಆದದ್ದು ಆಟದಿಂದಲೋ, ನನ್ನಿಂದಲೋ?

2019ರ ಅಕ್ಟೋಬರ್‌ನಲ್ಲಿ ಕೇರಳದ ಪಾಲಾದಲ್ಲಿ ರಾಜ್ಯ ಜೂನಿಯರ್ ಅಥ್ಲೆಟಿಕ್ಸ್ ಕೂಟ. ಜಾವೆಲಿನ್ ಮತ್ತು ಹ್ಯಾಮರ್ ಎಸೆತ ಒಂದೇ ಹೊತ್ತಿಗೆ, ಒಂದೇ ಮೈದಾನದಲ್ಲಿ ನಡೆಯುತ್ತಿದ್ದವು. ಸ್ವಯಂಸೇವಕನಾಗಿ ನಿಂತಿದ್ದ ಶಾಲಾ ಹುಡುಗನ ತಲೆಗೆ ಹ್ಯಾಮರ್ ಬಡಿಯಿತು. ಎರಡು ವಾರ ಕಳೆದ ಮೇಲೆ ಅವನು ತೀರಿಕೊಂಡ. ಕೂಟದ ಅಧಿಕಾರಿಗಳನ್ನು ಪೊಲೀಸರು ಬಂಧಿಸಿದರು. ಅವರು ಕೇಡು ಬಯಸಿದವರೆಂದು ನನಗೆ ಅನ್ನಿಸುವುದಿಲ್ಲ. ಬಹುಶಃ ಅವರಿಗೂ ಹೊತ್ತು ಮೀರುತ್ತಿತ್ತು, ಇನ್ನೂ ಸ್ಪರ್ಧೆಗಳು ಉಳಿದಿದ್ದವು.

ಸಂಬಳವಿಲ್ಲದೆ ಬಿಸಿಲಲ್ಲಿ ನಿಲ್ಲುವವನಿಗೆ ಕೋರ್ಟಿನ ಭಯವನ್ನೂ ಹಾಕಿದರೆ ನಾಳೆ ಸೀಟಿ ಹಿಡಿಯುವವರು ಯಾರು? ಇದು ಸುಳ್ಳು ಪ್ರಶ್ನೆಯಲ್ಲ. ಗೌರಿಬಿದನೂರಾಗಲಿ ಚಿಕ್ಕಬಳ್ಳಾಪುರವಾಗಲಿ, ಶಾಲಾ ಕೂಟಗಳಲ್ಲಿ ಗೆರೆ ಎಳೆಯುವುದು, ತಂಡ ಕರೆತರುವುದು, ತೀರ್ಪು ಕೊಡುವುದು ಎಲ್ಲ ಅದೇ ನಾಲ್ಕು ಜನ ಮೇಷ್ಟ್ರುಗಳು. ಮಳೆ ಬರುವುದರೊಳಗೆ ಫೈನಲ್ ಮುಗಿಸಿ ಎಂದು ಮೇಲಿನವರ ಫೋನು ಬೇರೆ.

ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1996ರಲ್ಲಿ ಇದೇ ಕಗ್ಗಂಟು ಬಿಡಿಸಬೇಕಾಯಿತು. ಹತ್ತೊಂಬತ್ತರ ಒಳಗಿನವರ ರಗ್ಬಿ ಪಂದ್ಯ. ಎರಡೂ ಕಡೆಯವರು ತಲೆ ಬಾಗಿಸಿ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್ ಮತ್ತೆ ಮತ್ತೆ ಕುಸಿಯುತ್ತಿತ್ತು. ಕೊನೆಗೆ ಒಬ್ಬ ಹುಡುಗ ಬದುಕಿಡೀ ಏಳದಂತಾದ. ರೆಫರಿಯೇ ಹೊಣೆ ಎಂದಿತು ಕೋರ್ಟು. ಆದರೆ ಓಡುವ ಆಟದಲ್ಲಿ ಕಣ್ತಪ್ಪಿ ಆಗುವ ಸಣ್ಣಪುಟ್ಟ ತಪ್ಪುಗಳಿಗೆಲ್ಲ ಹೀಗೆ ಹೊಣೆ ಹೊರಿಸಲಾಗದು ಎಂದೂ ಹೇಳಿತು. ಈ ಗೆರೆ ನನಗೆ ನ್ಯಾಯವೆನಿಸುತ್ತದೆ. ಔಟಾದವನನ್ನು ನಾಟೌಟ್ ಅಂದರೆ ಒಂದು ಪಾಯಿಂಟ್ ಹೋದೀತು. ಜಲ್ಲಿ ಕಂಡೂ ಆಡಿಸಿದ್ದು ಕಣ್ತಪ್ಪಲ್ಲ.

ನಮ್ಮೂರ ಸೂಲಗಿತ್ತಿ ಸಂಬಳಕ್ಕೆ ಬರುತ್ತಿರಲಿಲ್ಲ, ಕೈ ಮೀರಿದ ಹೆರಿಗೆಯನ್ನು ಆಸ್ಪತ್ರೆಗೆ ಒಯ್ಯಿರಿ ಎಂದು ಗದರುತ್ತಿದ್ದಳು. ವೃತ್ತಿಪರತೆ ಎಂಬ ದೊಡ್ಡ ಮಾತಿಗೆ ನನಗೆ ತೋಚುವ ಅರ್ಥ ಆ ಗದರಿಕೆ. ತರಬೇತಿ ಕೊಡದೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆಯನ್ನೂ ಇಡದೆ ಕೂಟ ನಡೆಸುವವರ ಪಾಲು ದೊಡ್ಡದೇ. ಆದರೆ ಆ ಹೊತ್ತಿನಲ್ಲಿ ಆಟ ನಿಲ್ಲಿಸಬಲ್ಲ ಸೀಟಿ ಅವರ ಕೈಯಲ್ಲಿರಲಿಲ್ಲ.

ಆ ಹುಡುಗ ಈಗ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತರುತ್ತಾನೆ. ಎಡಗೈ ಪೂರ್ತಿ ಚಾಚಲು ಬಾರದು. ನನ್ನನ್ನು ಕಂಡರೆ ಈಗಲೂ ಸಾರ್ ಅನ್ನುತ್ತಾನೆ.