ರಿಸ್ಕ್ ಯಾರ ಹೆಸರಿನಲ್ಲಿ?

ಕಳೆದ ಮಳೆಗಾಲದಲ್ಲಿ ನನ್ನ ಟೀಮಿನ ಹುಡುಗನೊಬ್ಬ ಚಹಾ ಕುಡಿಯುತ್ತ, "ಸರ್, ಪೇಪರ್ ಹಾಕಬೇಕಂತ ಮಾಡೀನ್ರಿ" ಎಂದ. ರಾಣೆಬೆನ್ನೂರು ಕಡೆಯವನು, ಪುಣೆಗೆ ಬಂದು ಮೂರು ವರ್ಷವಾಗಿತ್ತು. ಬೇರೆ ಕಂಪನಿಯ ಆಫರ್ ಬಂದಿರಬೇಕು ಅಂದುಕೊಂಡೆ. ಅಲ್ಲ. ಗಿಟಾರ್ ಹಿಡಿದು, ತಾನೇ ಬರೆದ ಹಾಡುಗಳನ್ನು ಹಾಡಿ ಬದುಕಬೇಕಂತೆ. ಕಂಟ್ರಿ ರಾಕ್. ಆ ಹುಚ್ಚು ಹಚ್ಚಿದವನು ನಾನೇ. ರಾತ್ರಿಯ ರಿಲೀಸ್‌ಗಳಲ್ಲಿ ನಿದ್ದೆ ಬಾರದಿರಲೆಂದು ಆ ಹಾಡುಗಳನ್ನು ಹಾಕುತ್ತಿದ್ದೆ. ಜೊತೆಗೆ ಕ್ರಿಸ್ ಕ್ರಿಸ್ಟಾಫರ್ಸನ್ ಕಥೆಯನ್ನೂ ಹೇಳಿದ್ದೆ. ಈಗ ಅವನು ಅದೇ ಕಥೆಯನ್ನು ನನಗೇ ತಿರುಗಿ ಹೇಳಿದ.

ಕಥೆ ನಿಜವೇ. ಕ್ರಿಸ್ಟಾಫರ್ಸನ್ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಸಾಹಿತ್ಯ ಓದಿದವರು. ಅಮೆರಿಕದ ಸೇನೆಯಲ್ಲಿ ಕ್ಯಾಪ್ಟನ್, ಹೆಲಿಕಾಪ್ಟರ್ ಪೈಲಟ್. 1965ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಕಾದಿತ್ತು. ಅದನ್ನು ಬಿಟ್ಟು ನ್ಯಾಶ್‌ವಿಲ್ಲಿಗೆ ಹೋದರು. ಹಾಡು ಬರೆಯುತ್ತ, ಹೊಟ್ಟೆಪಾಡಿಗೆ ಕೊಲಂಬಿಯಾ ಸ್ಟುಡಿಯೋದಲ್ಲಿ ಕಸ ಗುಡಿಸಿದರು. 1966ರಲ್ಲಿ ಬಾಬ್ ಡಿಲನ್ ಅಲ್ಲಿ ರೆಕಾರ್ಡಿಂಗ್‌ಗೆ ಬಂದಾಗ ಇವರು ಜಾಡಮಾಲಿ. 1970ರಲ್ಲಿ ಜಾನಿ ಕ್ಯಾಶ್ ಇವರ ಹಾಡೊಂದನ್ನು ಹಾಡಿದರು. ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ನಿನ ಆ ವರ್ಷದ ಅತ್ಯುತ್ತಮ ಗೀತೆ ಪ್ರಶಸ್ತಿ ಅದಕ್ಕೇ ಬಂತು. ಮರುವರ್ಷ, ಜಾನಿಸ್ ಜಾಪ್ಲಿನ್ ಸಾಯುವ ಮುನ್ನ ಹಾಡಿಟ್ಟಿದ್ದ ಇವರದೇ ಇನ್ನೊಂದು ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

ನಾನು ಹೇಳದೆ ಬಿಟ್ಟಿದ್ದು ಇಷ್ಟು: ನ್ಯಾಶ್‌ವಿಲ್ಲಿಗೆ ಹೋದಾಗ ಅವರಿಗೆ ಹೆಂಡತಿ, ಪುಟ್ಟ ಮಗಳು ಇದ್ದರು. ಆಮೇಲೆ ಹುಟ್ಟಿದ ಮಗನಿಗೆ ಅನ್ನನಾಳದ ತೊಂದರೆ. ಆಸ್ಪತ್ರೆಯ ಬಿಲ್ ಕಟ್ಟಲು ಅವರು ಲೂಸಿಯಾನಾಕ್ಕೆ ಹೋಗಿ, ಸಮುದ್ರದ ನಡುವಿನ ತೈಲಬಾವಿಗಳಿಗೆ ಹೆಲಿಕಾಪ್ಟರ್ ಹಾರಿಸಿದರು. ಹೆತ್ತವರು ಸಂಬಂಧ ಕಡಿದುಕೊಂಡರು. ಮದುವೆ ಮುರಿಯಿತು. ಇದನ್ನೂ ನಾನು ಬಲ್ಲೆ. ಆದರೆ ಕಥೆ ಹೇಳುವಾಗ ಕಸಬರಿಗೆಯಿಂದ ನೇರ ಪ್ರಶಸ್ತಿಗೆ ಬರುತ್ತೇನೆ. ನಾವೆಲ್ಲ ಹಾಗೇ ಹೇಳುವುದು.

ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1976ರಲ್ಲಿ ಈ ಇಕ್ಕಟ್ಟನ್ನು ಎತ್ತಿಕೊಂಡರು. ಚಿತ್ರಕಾರ ಗೋಗ್ಯಾನನ್ನು ಹೋಲುವ ಒಬ್ಬನನ್ನು ಅವರು ಕಲ್ಪಿಸಿಕೊಳ್ಳುತ್ತಾರೆ. ಅವನು ಕಲೆಗಾಗಿ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗುತ್ತಾನೆ. ಮಾಡಿದ್ದು ಸರಿಯೇ? ವಿಲಿಯಮ್ಸ್ ಹೇಳುವುದು: ಅವನಿಗೆ ಸಮರ್ಥನೆ ಅಂತ ಒಂದು ಇದ್ದರೆ, ಅದನ್ನು ಕೊಡಬಲ್ಲದ್ದು ಗೆಲುವು ಮಾತ್ರ, ಮತ್ತು ಗೆಲ್ಲುತ್ತಾನೋ ಇಲ್ಲವೋ ಎಂಬುದು ಹೊರಡುವ ದಿನ ಅವನಿಗೂ ಗೊತ್ತಿರುವುದಿಲ್ಲ. ಗೆದ್ದರೂ, ಬಿಟ್ಟು ಬಂದವರ ಮುಂದೆ ಆ ಸಮರ್ಥನೆ ನಿಲ್ಲಬೇಕೆಂದೇನಿಲ್ಲ.

ನನಗೆ ಈ ಮಾತು ಅರ್ಧ ಒಪ್ಪಿಗೆ. ಪ್ರತಿಭೆ ಇದೆಯೋ ಇಲ್ಲವೋ ಎಂಬುದು ಕೊನೆಗೇ ತಿಳಿಯುವುದು, ನಿಜ. ಆದರೆ ಹೊರಡುವ ದಿನವೇ ಕೇಳಬಹುದಾದ ಒಂದು ಪ್ರಶ್ನೆ ಇದೆ. ನಮ್ಮ ಕಸುಬಿನವರಿಗೆ ಅದು ಚೆನ್ನಾಗಿ ಗೊತ್ತು. ಪ್ರಾಜೆಕ್ಟಿನ ರಿಸ್ಕ್ ರಿಜಿಸ್ಟರಿನಲ್ಲಿ 'ಓನರ್' ಅಂತ ಒಂದು ಕಾಲಮ್ ಇರುತ್ತದೆ. ಅಲ್ಲಿ ಯಾರದೋ ಹೆಸರು ಬರೆದು, ಅವರಿಗೇ ತಿಳಿಸದಿದ್ದರೆ ಅದು ಮೋಸ. ಇದೇ ಕಾಲಮ್ಮನ್ನು ಕಂಟ್ರಿ ರಾಕ್‌ನ ಆರಂಭಗಳಿಗೂ ಹಾಕಿ ನೋಡಬಹುದು.

ಗ್ರಾಮ್ ಪಾರ್ಸನ್ಸ್ ತಾಯಿಯ ಕಡೆಯವರು ಫ್ಲೋರಿಡಾದ ಕಿತ್ತಳೆ ತೋಟಗಳ ಶ್ರೀಮಂತರು. ಹಾರ್ವರ್ಡ್ ಸೇರಿ ಬೇಗನೇ ಬಿಟ್ಟ ಅವರಿಗೆ ಮನೆತನದ ಟ್ರಸ್ಟಿನಿಂದ ಹಣ ಬರುತ್ತಿತ್ತು. 1968ರಲ್ಲಿ ಬರ್ಡ್ಸ್ ತಂಡಕ್ಕೆ ಸೇರಿ ರಾಕ್ ಸಂಗೀತಕ್ಕೆ ಕಂಟ್ರಿಯ ದಾರಿ ತೋರಿದರು. ಆಗ ಹೆಚ್ಚು ಮಾರಾಟವಾಗದ ಆ ಆಲ್ಬಮ್ ಇಂದು ಕಂಟ್ರಿ ರಾಕ್‌ನ ಬುನಾದಿಗಳಲ್ಲೊಂದು. ಮಾರಾಟವಾಗದಿದ್ದರೆ ಅವರ ಮನೆಯಲ್ಲಿ ಯಾರೂ ಉಪವಾಸ ಬೀಳುತ್ತಿರಲಿಲ್ಲ. ಆದರೂ 1973ರಲ್ಲಿ, 26ನೇ ವಯಸ್ಸಿಗೆ, ಮಾರ್ಫಿನ್ ಮತ್ತು ಮದ್ಯ ಅವರನ್ನು ಮುಗಿಸಿದವು. ಹಣದ ರಿಸ್ಕ್ ಇಲ್ಲ ಅಂದರೆ ರಿಸ್ಕೇ ಇಲ್ಲ ಅಂತಲ್ಲ.

ಇನ್ನೊಬ್ಬರು ಜಾನ್ ಪ್ರೈನ್. ಶಿಕಾಗೋ ಪಕ್ಕದ ಮೇವುಡ್ ಊರಿನ ಅಂಚೆಯಣ್ಣ. ಕಾಗದ ಹಂಚುತ್ತ ನಡೆಯುವಾಗಲೇ ಮನಸ್ಸಿನಲ್ಲಿ ಹಾಡು ಕಟ್ಟುತ್ತಿದ್ದರು. ಫಿಫ್ತ್ ಪೆಗ್ ಎಂಬ ಸಣ್ಣ ಜಾಗದಲ್ಲಿ ಹಾಡಲು ಶುರು ಮಾಡಿದಾಗಲೂ ಕೆಲಸ ಬಿಟ್ಟಿರಲಿಲ್ಲ. 1970ರ ಅಕ್ಟೋಬರಿನಲ್ಲಿ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಅವರನ್ನು ಹಾಡುವ ಅಂಚೆಯವನೆಂದು ಮೆಚ್ಚಿ ಬರೆದರು. 1971ರಲ್ಲಿ ಒಂದು ತಡರಾತ್ರಿ ಪ್ರೈನ್ ಹಾಡು ಕೇಳಿ ಬೆರಗಾಗಿ, ನ್ಯೂಯಾರ್ಕಿನಲ್ಲಿ ತಮ್ಮ ವೇದಿಕೆಗೆ ಹತ್ತಿಸಿಕೊಂಡವರು ಇದೇ ಕ್ರಿಸ್ಟಾಫರ್ಸನ್. ಅದೇ ವರ್ಷ ಮೊದಲ ಆಲ್ಬಮ್ ಬಂತು. ಅದರಲ್ಲಿ ಯಾರೂ ಮಾತಾಡಿಸದ ಮುದುಕರಿದ್ದಾರೆ, ಯುದ್ಧದಿಂದ ನಶೆ ಹತ್ತಿಸಿಕೊಂಡು ಮರಳಿದ ಸೈನಿಕನಿದ್ದಾನೆ. ಮನೆಮನೆಯ ಬಾಗಿಲು ನೋಡಿದ ಮನುಷ್ಯ ಬರೆದ ಹಾಡುಗಳು. ಸಂಬಳದ ಕೆಲಸ ಕಲೆಯನ್ನು ಕೊಲ್ಲುತ್ತದೆ ಅನ್ನುವವರು ಅವನ್ನೊಮ್ಮೆ ಕೇಳಬೇಕು.

ಹಾಗಾದರೆ ಪ್ರೈನ್ ದಾರಿಯೇ ಸರಿ, ಕ್ರಿಸ್ಟಾಫರ್ಸನ್ ತಪ್ಪು ಅನ್ನೋಣವೇ? ಅಷ್ಟು ಸುಲಭವಾಗಿ ನನ್ನ ಬಾಯಿಂದ ಬರುವುದಿಲ್ಲ. ವೆಸ್ಟ್ ಪಾಯಿಂಟಿನ ಆ ಮೇಷ್ಟರು ಅಂಥ ಹಾಡುಗಳನ್ನು ಬರೆಯುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ. ಆ ಹಾಡುಗಳಿಂದ ನನ್ನ ಎಷ್ಟೋ ರಾತ್ರಿಗಳು ಹಗುರಾಗಿವೆ. ಅದರ ಬಿಲ್ ಕಟ್ಟಿದ್ದು ನಾನು ಕಂಡಿಲ್ಲದ ಒಬ್ಬ ಹೆಂಡತಿ, ಇಬ್ಬರು ಮಕ್ಕಳು. ಕೇಳುಗನಾದ ನಾನು ಆ ಲೆಕ್ಕದಲ್ಲಿ ಲಾಭದ ಕಡೆ ಇರುವವನು. ಲಾಭದ ಕಡೆ ಕೂತವನು "ಧೈರ್ಯ ಮಾಡು" ಅನ್ನುವುದು ಅಗ್ಗದ ಮಾತು. ನಾನು ವರ್ಷಗಟ್ಟಲೆ ಆಡಿದ್ದು ಅದನ್ನೇ.

ಅದಕ್ಕೇ ಆ ದಿನ ಹುಡುಗನಿಗೆ ಬಿಡು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಓದಿಗೆ ಮಾಡಿದ ಸಾಲ ಇನ್ನೂ ಇದೆ, ಜೊತೆಗೆ ಅಪ್ಪನ ಸಹಿ ಇದೆ ಎಂದು ಹಿಂದೊಮ್ಮೆ ಅವನೇ ಹೇಳಿದ್ದ.

"ಅಪ್ಪಗ ಹೇಳಿಯೇನು?"

"ಇಲ್ರಿ ಸರ್. ಹೇಳಿದ್ರ ಬ್ಯಾಡ ಅಂತಾರ."

"ಅನ್ನಲಿ. ಬ್ಯಾಡ ಅಂದರೂ ನೀ ಬಿಡಬಹುದು. ಆದರ ಕಂತು ತಪ್ಪಿದ್ರ ಬ್ಯಾಂಕಿನವರು ಯಾರ ಮನೀಗೆ ಹೋಗ್ತಾರ? ಅವರಿಗೆ ಮೊದಲ ಗೊತ್ತಿರಬೇಕಲ್ಲ?"

ಆ ಶನಿವಾರ ಊರಿಗೆ ಹೋದ. ಅಪ್ಪ ಏನೆಂದರೋ ನನಗೆ ಪೂರ್ತಿ ಹೇಳಲಿಲ್ಲ. ಎರಡು ದಿನ ಮಾತಿಲ್ಲ, ಮೂರನೇ ದಿನ ಪಾಸ್‌ಬುಕ್ ತಂದು ಎದುರಿಗಿಟ್ಟು ಕೂತರಂತೆ. ಇಬ್ಬರೂ ಸೇರಿ ಲೆಕ್ಕ ಹಾಕಿದರು: ಇನ್ನು ಹದಿನಾಲ್ಕು ತಿಂಗಳು. ಅಲ್ಲಿಯವರೆಗೆ ಕೆಲಸ, ಶನಿವಾರ ಹಾಡು. ಆಮೇಲೆ ಅವನಿಷ್ಟ.

ಹೋದ ತಿಂಗಳು ಅವನ ಹಾಡು ಕೇಳಲು ಹೋಗಿದ್ದೆ. ಇಪ್ಪತ್ತು ಜನರಿದ್ದರೇನೋ. ಎರಡು ಹಾಡಿದ. ಒಂದು ಇನ್ನೂ ಕಾಯಿ. ಇನ್ನೊಂದು, ಸಂತೆ ಮುಗಿಸಿ ಕೊನೆಯ ಬಸ್ಸಿಗೆ ಕಾಯುವ ಮನುಷ್ಯನ ಬಗ್ಗೆ, ಚೆನ್ನಾಗಿತ್ತು. ಅವನು ದೊಡ್ಡ ಹಾಡುಗಾರನಾಗುತ್ತಾನೋ, ಎರಡು ವರ್ಷದಲ್ಲಿ ಮತ್ತೆ ಇದೇ ಆಫೀಸಿಗೆ ಬರುತ್ತಾನೋ, ನಾನು ಹೇಳಲಾರೆ. ಆದರೆ ಸೋತು ಬಂದರೂ ಅವನು ತಪ್ಪು ಮಾಡಿದ ಅಂತ ನಾನು ಅನ್ನುವುದಿಲ್ಲ. ಅವನ ಅಪ್ಪನೂ ಅನ್ನಲಿಕ್ಕಿಲ್ಲ. ಲೆಕ್ಕ ಹಾಕುವಾಗ ಅವರೂ ಎದುರಿಗೆ ಕೂತಿದ್ದರು.